ಹದಿನೈದು ಜನ ಆದರೆ

ರುಹೀನಾಗೆ ಪಿಯುಸಿಯಲ್ಲಿ ಆರುನೂರಕ್ಕೆ ಐನೂರ ಎಪ್ಪತ್ತೊಂದು ಬಂತು. ಚನ್ನಗಿರಿಯ ಆ ಓಣಿಯಲ್ಲಿ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಜನ ಮೊದಲು ಖುಷಿಪಟ್ಟರು. ಆಮೇಲೆ ಅದು ಆರ್ಟ್ಸ್ ಅಂತ ಗೊತ್ತಾಯಿತು. ಸಮಾಧಾನ ಹೇಳಲು ಬಂದರು.

"ಹೋಗ್ಲಿ ಬಿಡ್ರಿ, ಪಾಸಾದ್ಲಲ್ಲ," ಎಂದರು ಒಬ್ಬರು.

"ಇಷ್ಟೇ ಮಾರ್ಕ್ಸು ಸೈನ್ಸಿನಾಗೆ ಬಂದಿದ್ರೆ ಡಾಕ್ಟ್ರೇ ಆಗ್ತಿದ್ಲು," ಎಂದು ಇನ್ನೊಬ್ಬರು ಕಣ್ಣು ಒರೆಸಿಕೊಂಡರು.

ಎದುರು ಮನೆಯ ಹನುಮಂತಮ್ಮ ಒಬ್ಬಳೇ ಬೆಲ್ಲದ ಚೂರು ತಂದು ರುಹೀನಾಳ ಬಾಯಿಗೆ ಹಾಕಿದಳು. "ಆರ್ಟ್ಸ್ ಅಂದ್ರೆ ಏನವ್ವ?" ಎಂದು ಕೇಳಿದಳು.

"ಇತಿಹಾಸ, ಕನ್ನಡ, ಸಮಾಜಶಾಸ್ತ್ರ. ಜನ ಹೆಂಗೆ ಬದುಕಿದ್ರು ಅನ್ನೋದು."

"ಅಂದ್ರೆ ನಮ್ಮ ಇಸ್ಯ."

"ಹೂಂ, ನಮ್ಮ ಇಸ್ಯನೇ."

"ಹಂಗಾರೆ ಇವ್ರೆಲ್ಲ ಯಾಕೆ ಸತ್ತ ಮನಿಗೆ ಬಂದಂಗೆ ಬರಾಕೆ ಹತ್ಯಾರೆ?"

ರುಹೀನಾಳ ಅಪ್ಪ ಬುಡನ್‌ಸಾಬ್ ಸತೀಶ್ ಕುಮಾರ್ ಎಂಬವನ ಶಾಮಿಯಾನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂಲಿ. ಮದುವೆ, ತಿಥಿ, ಉರುಸು, ಪಕ್ಷದ ಸಭೆ, ಎಲ್ಲಕ್ಕೂ ಪೈಪು ಹೊರಬೇಕು. ಗೂಟ ಬಡಿಯಬೇಕು. ಮೈಕು ಕಟ್ಟಬೇಕು. ಕಬ್ಬಿಣ ಹೊತ್ತು ಹೊತ್ತು ಬಲ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಭಾಷಣಕಾರರು ಬೆವರು ಒರೆಸಿಕೊಂಡರೆ ಫ್ಯಾನು ತಿರುಗಿಸಬೇಕು. ಕತ್ತು ಅಲ್ಲಾಡಿಸಿದರೆ ಸೌಂಡು ಇಳಿಸಬೇಕು. ವೇದಿಕೆಯ ಮೇಲಿನವರ ಕೈಸನ್ನೆ ಓದುವುದರಲ್ಲಿ ಅವನು ಪಂಡಿತನಾಗಿದ್ದ. ಬೇರೆ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು.

ಅಮ್ಮಿ ಮೆಹರಾಜ್ ಬೇಗಂ ಸೀಜನ್ನಿನಲ್ಲಿ ಅಡಿಕೆ ಸುಲಿಯುತ್ತಿದ್ದಳು. ಮುಂದೆ ಹಸಿ ಅಡಿಕೆಯ ರಾಶಿ, ಕಾಲಡಿ ಕತ್ತಿಯ ಮಣೆ. ಬೆಳಗ್ಗೆ ಬಗ್ಗಿದ ಬೆನ್ನು ಸಂಜೆಗೂ ನೆಟ್ಟಗಾಗುತ್ತಿರಲಿಲ್ಲ. ಅಡಿಕೆಯ ಚೊಗರಿಗೆ ಕಪ್ಪಾದ ಬೆರಳು ಬೇಸಿಗೆ ಕಳೆದರೂ ಬಣ್ಣ ಬಿಡುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವಳು ಸೆರಗಿನೊಳಗೆ ಕೈ ಇಟ್ಟುಕೊಂಡೇ ಮಾತಾಡುತ್ತಿದ್ದಳು.

ರುಹೀನಾ ಆ ರಾಶಿಯ ಪಕ್ಕದಲ್ಲೇ ಕೂತು ಓದಿ ಬೆಳೆದವಳು. ಸುಲಿಯುವ ಹೆಂಗಸರ ಕೈಗೆ ಬಿಡುವಿರಲಿಲ್ಲ, ಬಾಯಿಗೆ ಇತ್ತು. ಹಿಂದೆ ಒಂದು ವರ್ಷ ಆ ಕಣದ ಹೆಂಗಸರೆಲ್ಲ ಕೂಲಿ ಏರಿಸುವವರೆಗೆ ಕತ್ತಿ ಮುಟ್ಟುವುದಿಲ್ಲ ಅಂತ ಮೂರು ದಿನ ಸುಮ್ಮನೆ ಕೂತಿದ್ದರಂತೆ. ರಾಶಿ ಬೂಷ್ಟು ಹಿಡಿಯಲು ಶುರುವಾದ ಮೇಲೆ ಸಾಹುಕಾರ ಇಳಿದುಬಂದನಂತೆ. ಯಾವ ವರ್ಷ ಅಂತ ರುಹೀನಾ ಕೇಳಿದಳು. ನನ್ನ ಎರಡನೇ ಹೆರಿಗೆ ಆದ ವರ್ಷ ಎಂದಳು ಒಬ್ಬಳು. ಟೆಂಟ್ ಸಿನಿಮಾಕ್ಕೆ ಬೆಂಕಿ ಬಿದ್ದ ವರ್ಷ ಎಂದಳು ಹನುಮಂತಮ್ಮ. ಇಬ್ಬರೂ ಜಗಳಕ್ಕೆ ನಿಂತರು. ರುಹೀನಾ ಲೈಬ್ರರಿಗೆ ಹೋಗಿ ಹುಡುಕಿದಳು. ಪುಸ್ತಕದಲ್ಲಿ ಪಾಳೆಯಗಾರರಿದ್ದರು. ಅಡಿಕೆಯೂ ಇತ್ತು. ಸುಲಿದವರು ಇರಲಿಲ್ಲ. ಇತಿಹಾಸವನ್ನೇ ಓದುವುದು ಅಂತ ಅವಳು ತೀರ್ಮಾನ ಮಾಡಿದ್ದು ಅವತ್ತು.

ಯಾವ ಕಾಲೇಜಿಗೆ ಅರ್ಜಿ ಹಾಕುವುದು? ಸೈಬರ್ ಅಂಗಡಿಯಲ್ಲಿ ಕೂತು ನೋಡಿದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಕಂಪ್ಯೂಟರಿನ ಪಟ್ಟಿಯಲ್ಲಿ ನಾಲ್ಕೂ ಊರಲ್ಲಿ ಬಿಎ ಇತ್ತು, ಇತಿಹಾಸ ಇತ್ತು. ಮನೆ ಚನ್ನಗಿರಿಯಲ್ಲಿರುವಾಗ ಬೇರೆ ಊರು ಯಾಕೆ ಅಂತ ಲೋಕಮಿತ್ರ ಕಾಲೇಜಿಗೆ ಹೋದಳು.

ಲೋಕಮಿತ್ರ ಹಳೇ ಕಾಲೇಜು. ಬಡವರ ಮಕ್ಕಳಿಗೆ ಅಂತ ಶುರುವಾಗಿ, ಮೇಷ್ಟ್ರುಗಳಿಗೆ ಸರ್ಕಾರ ಸಂಬಳ ಕೊಡುವ ಕಾಲೇಜು. ಈಚೆಗೆ ಅದೇ ಆಡಳಿತ ಮಂಡಳಿ ಅದೇ ಕಾಂಪೌಂಡಿನಲ್ಲಿ ಗಾಜಿನ ಕಟ್ಟಡ ಕಟ್ಟಿ, ಪೂರಾ ಫೀಸು ತೆಗೆದುಕೊಂಡು ಬಿಸಿಎ ನಡೆಸುತ್ತಿತ್ತು. ಹಳೇ ಕಟ್ಟಡಕ್ಕೆ ಸುಣ್ಣ ಬಳಿದು ಎಷ್ಟು ವರ್ಷವಾಯಿತೆಂದು ಹೇಳಲು ಅಲ್ಲಿನ ಇತಿಹಾಸದ ಮೇಷ್ಟ್ರು ಬೇಕಾಗಿತ್ತು. ಅವರು ರಿಟೈರ್ ಆಗಿದ್ದರು.

ಪ್ರಿನ್ಸಿಪಾಲ್ ಅರುಣ್ ಕುಮಾರ್ ಅಂಕಪಟ್ಟಿ ನೋಡಿದರು. "ಭೇಷ್!" ಎಂದರು. ಮತ್ತೆ ನೋಡಿದರು. "ಅಯ್ಯೋ," ಎಂದರು.

"ಇತಿಹಾಸ ಬೇಕು ಸರ್."

"ಹದಿನೈದು ಜನ ಆದ್ರೆ ತೆಗೀತೀವಮ್ಮ. ಇಲ್ಲಾಂದ್ರೆ ಬಂದ್. ಮಂಡಳಿ ರೂಲು."

"ಈಗ ಎಷ್ಟು ಜನ ಆಗ್ಯಾರೆ ಸರ್?"

"ಹನ್ನೊಂದು ಜನ ಬಂದಿದ್ರು. ಎಲ್ಲಾರಿಗೂ ಬುದ್ಧಿ ಹೇಳಿ ಕಳಿಸ್ದೆ." ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. "ನೀನು ಹೊನ್ನಾಳಿನಾಗೆ ಕೇಳು. ಅಲ್ಲಿ ಇರಬೇಕು."

ಬುಡನ್‌ಸಾಬ್ ಒಂದು ದಿನದ ಕೂಲಿ ಬಿಟ್ಟು ಮಗಳ ಜೊತೆ ಬಸ್ಸು ಹತ್ತಿದ. ಹೊನ್ನಾಳಿಯ ಕಾಲೇಜೊಂದರ ಗುಮಾಸ್ತ ತಲೆ ಎತ್ತದೆ, "ಹೋದ ವರ್ಷನೇ ನಿಲ್ಸಿದ್ವಿ, ನ್ಯಾಮತಿಗೆ ಹೋಗ್ರಿ," ಎಂದ. ಇಲ್ಲಿಯೂ ನಾಲ್ಕು ಜನ ಕೇಳಿಕೊಂಡು ಬಂದಿದ್ದರು, ಅವರನ್ನೂ ಅಲ್ಲಿಗೇ ಕಳಿಸಿದ್ದೇನೆ ಎಂದ. ತುಂಗಭದ್ರೆಯ ಸೇತುವೆ ಕಡೆಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ನಿಂತುಕೊಂಡೇ ನ್ಯಾಮತಿಗೆ ಹೋದರು. ಅಲ್ಲಿ ಒಂಬತ್ತು ಜನ ಆಗಿದ್ದರು. "ಹದಿನೈದು ಆಗೋ ಹಂಗೆ ಕಾಣಲ್ಲ. ಜಗಳೂರು ನೋಡ್ರಿ. ಇಲ್ಲಾ ಚನ್ನಗಿರಿನಾಗೆ ಲೋಕಮಿತ್ರ ಅಂತ ಐತೆ," ಎಂದರು ಅಲ್ಲಿಯವರು.

ಬುಡನ್‌ಸಾಬ್ ನಗಲಿಲ್ಲ. ಅವನಿಗೆ ನಗುವ ಶಕ್ತಿ ಇರಲಿಲ್ಲ.

ಆ ಕಾಲೇಜಿನ ಜಗಲಿಯ ಮೇಲೆ ಒಬ್ಬ ಹುಡುಗಿ, ಅವಳ ತಾಯಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹುಡುಗಿಯ ಹೆಸರು ಪುಷ್ಪಾ. ತಾಯಿ ಗಾದ್ರಮ್ಮ. ಜಗಳೂರಿನ ಹತ್ತಿರದ ಹಳ್ಳಿಯವರು, ಕೂಲಿಯವರು. ಪುಷ್ಪಾ ಇತಿಹಾಸ ಕೇಳಿದ್ದಳು. ಜಗಳೂರಿನಲ್ಲಿ ಅವಳನ್ನು ಚನ್ನಗಿರಿಗೆ ಕಳಿಸಿದ್ದರು. ಚನ್ನಗಿರಿಯಲ್ಲಿ ಹೊನ್ನಾಳಿಗೆ. ಹೊನ್ನಾಳಿಯಲ್ಲಿ ನ್ಯಾಮತಿಗೆ. ನ್ಯಾಮತಿಯವರು ಈಗ ತಾನೇ ಅವಳಿಗೆ ಜಗಳೂರಿನಲ್ಲಿ ವಿಚಾರಿಸಲು ಹೇಳಿದ್ದರು.

"ನಮ್ಮೂರಾಗೆ ಎಮ್ಮೆ ಕಳದ್ರೂ ಇಷ್ಟು ಊರು ತಿರುಗಲ್ಲ ಕಣ್ರಿ," ಎಂದಳು ಗಾದ್ರಮ್ಮ. "ಮೂರನೇ ಊರಿಗೆ ಎಮ್ಮೆ ಸತ್ತೈತೆ ಅಂತ ಬಿಟ್ಬಿಡ್ತೀವಿ. ಇವ್ಳು ಬಿಡವಲ್ಲು."

ಮಂಡಕ್ಕಿಯ ಪೊಟ್ಟಣ ಇವರ ಕಡೆಗೂ ಸರಿಯಿತು. ರುಹೀನಾ ಪುಷ್ಪಾಳ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಇಲ್ಲಿ ಒಂಬತ್ತು," ಎಂದಳು ಪುಷ್ಪಾ.

"ನಮ್ಮಲ್ಲಿ ಹನ್ನೊಂದು. ಹೊನ್ನಾಳಿನಾಗೆ ನಾಕು."

"ನಮ್ಮ ಕಡೆ ನಾನು, ದುರುಗೇಶ್ ಅಂತ ಇನ್ನೊಬ್ಬ."

"ಜನ ಇಲ್ಲ ಅಂತಾರೆ. ಅದೀವಲ್ಲೇ. ಇವ್ರು ನಮ್ಮನ್ನ ನಾಕು ಊರಿಗೆ ಹಂಚಿ ಇಲ್ಲ ಅಂತಾರೆ."

ರುಹೀನಾ ಎದ್ದು ಒಳಗೆ ಹೋಗಿ ಗುಮಾಸ್ತರ ಹತ್ತಿರ ಆ ಒಂಬತ್ತು ಜನರ ಹೆಸರು, ಫೋನ್ ನಂಬರು ಕೇಳಿದಳು. ಅವರು ಆ ಹಾಳೆಯನ್ನೇ ಕೊಟ್ಟುಬಿಟ್ಟರು. "ತಗೊಳ್ಳಮ್ಮ, ರದ್ದಿಗೆ ಹಾಕಾದೇ ಇದು."

ಉಳಿದ ಕಾಲೇಜುಗಳಿಂದಲೂ ಹೆಸರು, ನಂಬರು ತಂದು ಎರಡು ವಾರ ಫೋನ್ ಮಾಡಿದರು. ಮಕ್ಕಳಿಗೆ ಫೋನ್ ಮಾಡಿದರೆ ತಂದೆಗಳು ಎತ್ತುತ್ತಿದ್ದರು. ಒಬ್ಬ ತಂದೆ, ಹಿಸ್ಟರಿ ಅಂದರೆ ಯಾವ ಕಂಪನಿ ಎಂದು ಕೇಳಿದ. ಒಬ್ಬ, ನನ್ನ ಮಗಳಿಗೆ ಗಂಡು ಗೊತ್ತಾಗಿದೆ, ನೀನು ಮದುವೆಗೆ ಬಾ ಎಂದ. ಪುಷ್ಪಾಗೆ ಇನ್ನೊಬ್ಬರು, "ನಿಮ್ಮೋರಿಗಾದ್ರೆ ಸರ್ಕಾರ ಕೊಡ್ತದೆ, ನಮ್ಮ ಮಕ್ಕಳ ತಲೆ ಯಾಕೆ ಕೆಡಿಸ್ತಿ?" ಎಂದರು. ಅವಳು ಆ ನಂಬರಿನ ಮೇಲೆ ಗೀಟು ಎಳೆದು ಮುಂದಿನದನ್ನು ಒತ್ತಿದಳು.

ಕೊನೆಗೆ ಚನ್ನಗಿರಿಯ ಆರು, ನ್ಯಾಮತಿಯ ಐದು, ಹೊನ್ನಾಳಿಯ ನಾಲ್ಕು, ಜಗಳೂರಿನ ಎರಡು. ಹದಿನೇಳು ಜನ. ಎಲ್ಲರೂ ಒಂದೇ ಕಾಲೇಜು ಬರೆದರು. ಲೋಕಮಿತ್ರ.

ಹದಿನೇಳು ಅರ್ಜಿಗಳ ಕಟ್ಟನ್ನು ಅರುಣ್ ಕುಮಾರ್ ಸತ್ತ ಹೆಗ್ಗಣದ ಹಾಗೆ ಎರಡು ಬೆರಳಿನಲ್ಲಿ ಹಿಡಿದರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಅಧ್ಯಕ್ಷರನ್ನ ಕೇಳಬೇಕು," ಎಂದರು.

ಅಧ್ಯಕ್ಷರು ತಿಪ್ಪೇರುದ್ರಸ್ವಾಮಿಯವರು. ಮರುದಿನ ಅವರೇ ರುಹೀನಾಳನ್ನು, ಬುಡನ್‌ಸಾಬನನ್ನು ಗಾಜಿನ ಕಟ್ಟಡಕ್ಕೆ ಕರೆಸಿದರು. ಬುಡನ್‌ಸಾಬ್ ಚಪ್ಪಲಿ ಹೊರಗೆ ಬಿಟ್ಟು ಬಂದ. ಎಸಿಗೆ ಅವನ ಕಾಲು ತಣ್ಣಗಾಯಿತು.

"ಹುಷಾರು ಹುಡ್ಗಿ ನೀನು. ಯಾಕಮ್ಮ ಹಾಳಾಗ್ತಿ?" ಅಧ್ಯಕ್ಷರ ದನಿ ಮೆತ್ತಗಿತ್ತು. "ಬಿಸಿಎ ಸೇರ್ಕೊ. ಮೂರು ವರ್ಷನೂ ಫ್ರೀ. ಒಂದು ಲ್ಯಾಪ್‌ಟಾಪೂ ಕೊಡ್ತೀವಿ. ಉಳಿದೋರ ವಿಚಾರ ನಿಂಗೆ ಬ್ಯಾಡ."

"ನಂಗೆ ಇತಿಹಾಸ ಬೇಕು ಸರ್."

"ಹಿಸ್ಟರಿ ಓದಿ ಏನು ಮಾಡ್ತಿ? ಅದ್ರಾಗೆ ನಿಮ್ಮೋರ ಬಗ್ಗೆ ಒಳ್ಳೇದು ಏನೂ ಬರ್ದಿಲ್ಲ. ಸುಮ್ನೆ ಮನಸ್ಸಿಗೆ ಬ್ಯಾಸರ."

"ಬರ್ದೋರು ಯಾರು ಸರ್?"

ಪಕ್ಕದಲ್ಲಿ ಕೂತಿದ್ದ ಅರುಣ್ ಕುಮಾರ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಅಧ್ಯಕ್ಷರು ಬುಡನ್‌ಸಾಬನ ಕಡೆ ತಿರುಗಿದರು. "ಸತೀಶ್ ಕುಮಾರ್ ಹತ್ರ ಅಲ್ವೇನಪ್ಪ ನೀನು ಇರಾದು? ನಮ್ಮ ಫಂಕ್ಷನ್ನೆಲ್ಲ ಅವ್ನೇ ಮಾಡಾದು. ಮಗಳಿಗೆ ಬುದ್ಧಿ ಹೇಳು."

ಬುಡನ್‌ಸಾಬ್ ತಲೆ ಅಲ್ಲಾಡಿಸಿದ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, "ಹೂಂ ಅಂದ್ಬಿಡು ಬೇಟಿ," ಎಂದ. "ಫ್ರೀ ಅಂತಾರೆ. ನನ್ನ ಹೆಗಲು ಇನ್ನೆಷ್ಟು ವರ್ಷ ಬರ್ತೈತೆ?"

ರುಹೀನಾ ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಬಾಯಿ ಬರಲಿಲ್ಲ. ಅಪ್ಪನ ಹೆಗಲಿನ ಗಂಟು ಅಂಗಿಯೊಳಗಿಂದ ಕಾಣುತ್ತಿತ್ತು. ಆ ವಾರವೆಲ್ಲ ಪುಷ್ಪಾ ಫೋನ್ ಮಾಡಿದರೆ, "ಇನ್ನೂ ಏನೂ ಗೊತ್ತಾಗಿಲ್ಲ ಕಣೆ," ಎಂದು ಸುಳ್ಳು ಹೇಳಿದಳು.

ಆ ಭಾನುವಾರ ಲೋಕಮಿತ್ರದಲ್ಲಿ ಪ್ರತಿಭಾ ಪುರಸ್ಕಾರ ಮತ್ತು ಪ್ರವೇಶ ಮಹೋತ್ಸವ. ಬುಡನ್‌ಸಾಬ್ ಹಿಂದಿನ ದಿನವೇ ಪೈಪು ಹೊತ್ತು, ಗೂಟ ಬಡಿದು, ಶಾಮಿಯಾನ ಏರಿಸಿದ. ವೇದಿಕೆಯ ಹಿಂದೆ ಕಟ್ಟಲು ಒಂದು ದೊಡ್ಡ ಫ್ಲೆಕ್ಸ್ ಬಂದಿತ್ತು. ಏಣಿ ಏರಿ ಸುರುಳಿ ಬಿಚ್ಚಿದ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ನಿರ್ದೇಶಕರು, ಎಲ್ಲರೂ ಕೈ ಮುಗಿದುಕೊಂಡು ಇಳಿದುಬಂದರು. ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ದೊಡ್ಡದಾಗಿ ಅವನ ಮಗಳಿದ್ದಳು. ಬುಡನ್‌ಸಾಬ್ ಏಣಿಯ ಮೇಲೇ ನಿಂತುಬಿಟ್ಟ. ತನ್ನ ಬನಿಯನ್ನಿನ ಅಂಚಿನಿಂದ ಆ ಮೂಲೆಯ ಧೂಳು ಒರೆಸಿ, ಅದಕ್ಕೆ ಎರಡು ಗಂಟು ಹೆಚ್ಚಿಗೆ ಹಾಕಿದ.

ಭಾನುವಾರ ಬೆಳಗ್ಗೆ ಬಂದ ರುಹೀನಾ ಅದನ್ನು ಓದಿದಳು. '571/600. ನಮ್ಮ ಬಿಸಿಎಗೆ ಪ್ರವೇಶ ಪಡೆದ ಹೆಮ್ಮೆಯ ವಿದ್ಯಾರ್ಥಿನಿ ಕು. ರುಹೀನಾ. ನೀವೂ ಸೇರಿ.' ಆರ್ಟ್ಸ್ ಎಂಬ ಪದ ಎಲ್ಲೂ ಇರಲಿಲ್ಲ. ಅವಳು ಪಿಯುಸಿ ಓದಿದ್ದು ಸರ್ಕಾರಿ ಕಾಲೇಜಿನಲ್ಲಿ ಎಂಬುದೂ ಇರಲಿಲ್ಲ. ಅವಳ ಅಂಕ ಅವಳನ್ನು ಕೇಳದೆ ಹೋಗಿ ಬಿಸಿಎ ಸೇರಿಕೊಂಡಿತ್ತು.

ನೋಟಿಸ್ ಬೋರ್ಡಿನ ಮುಂದೆ ಪುಷ್ಪಾ ನಿಂತಿದ್ದಳು. ಅರ್ಜಿ ಏನಾಯಿತೆಂದು ನೋಡಲು ಜಗಳೂರಿನ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ಬಂದಿದ್ದರು. ಫ್ಲೆಕ್ಸನ್ನು ಅವಳಾಗಲೇ ಓದಿದ್ದಳು.

"ನಿಜಾನಾ?"

"ಅಲ್ಲ."

"ಹಂಗಾರೆ ಇದನ್ನೂ ನೋಡು." ಪುಷ್ಪಾ ಬೋರ್ಡಿನ ಮೇಲೆ ಬೆರಳಿಟ್ಟಳು. ಬಿಎಸ್ಸಿಗೆ ಪ್ರವೇಶ ಪಡೆದವರ ಪಟ್ಟಿ. ಆರು ಹೆಸರು. ತರಗತಿಗಳು ಜೂನ್ ಹದಿನಾರರಿಂದ ಎಂದು ಕೆಳಗೆ ಸಹಿ ಬಿದ್ದಿತ್ತು.

"ಆರು ಜನ," ಎಂದಳು ರುಹೀನಾ.

"ಅವ್ರಿಗೆ ಹದಿನೈದು ಬ್ಯಾಡ್ವಂತೆ."

ಸಭೆ ಶುರುವಾಯಿತು. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. ಮುಂದಿನ ಜಗತ್ತು ಕಂಪ್ಯೂಟರಿನದು ಎಂದರು. ಕಥೆ, ಕವಿತೆ, ರಾಜ, ರಾಣಿ ಇವೆಲ್ಲ ಹೊಟ್ಟೆಗೆ ಹಿಟ್ಟು ಕೊಡುವುದಿಲ್ಲ ಎಂದರು. ಆಮೇಲೆ ಮಾತಿನ ಹುರುಪಿನಲ್ಲಿ, "ನಾನು ಸ್ವತಃ ಹಿಸ್ಟರಿ ಎಂಎ. ಪರೀಕ್ಷೆಯಲ್ಲಿ ಅದನ್ನೇ ಬರೆದು ಈ ಹುದ್ದೆಗೆ ಬಂದೆ. ಆದರೆ ನೀವು ಆ ತಪ್ಪು ಮಾಡಬೇಡಿ," ಎಂದರು. ಜನ ಚಪ್ಪಾಳೆ ಹೊಡೆದರು.

ರುಹೀನಾಳ ಹೆಸರು ಕರೆದರು. ಶಾಲು ಹೊದಿಸಿದರು. ಅಧ್ಯಕ್ಷರು ಅವಳ ಕೈಗೆ ಮೈಕು ಕೊಟ್ಟು, "ಬಿಸಿಎ ಯಾಕೆ ಆರಿಸ್ಕೊಂಡೆ ಅಂತ ಎರಡು ಮಾತು ಹೇಳಮ್ಮ," ಎಂದರು.

ಕೆಳಗೆ ಎಡಗಡೆ ಅಪ್ಪ ಆಂಪ್ಲಿಫೈಯರ್ ಮುಂದೆ ನಿಂತಿದ್ದ. ಹಿಂದಿನ ಸಾಲಿನಲ್ಲಿ ಆ ಹದಿನಾರು ಜನ ಒತ್ತಿಕೊಂಡು ನಿಂತಿದ್ದರು.

"ನಾನು ಬಿಸಿಎ ಸೇರಿಲ್ಲ," ಎಂದಳು. "ಹಿಂದಿರೋ ಫ್ಲೆಕ್ಸ್ ಸುಳ್ಳು."

ಜನ ಫೋನಿನಿಂದ ತಲೆ ಎತ್ತಿದರು.

"ನಾನು ಆರ್ಟ್ಸ್ ಓದಿದೋಳು. ಇತಿಹಾಸ ಬೇಕು ಅಂತ ಇದೇ ಕಾಲೇಜಿಗೆ ಅರ್ಜಿ ಕೊಟ್ಟೀನಿ. ಹದಿನೈದು ಜನ ಆದ್ರೆ ತೆಗೀತೀವಿ ಅಂದ್ರು. ಹದಿನೇಳು ಜನ ಬಂದೀವಿ."

ಅಧ್ಯಕ್ಷರು ನಗುಮುಖ ಬಿಡದೆ ಬುಡನ್‌ಸಾಬನ ಕಡೆ ಕೈ ಮಾಡಿದರು. ಬೆರಳು ಕೆಳಕ್ಕೆ. ಸೌಂಡು ಆಫ್ ಮಾಡು ಅಂತ. ಅದಕ್ಕಿಂತ ಸುಲಭವಾದ ಸನ್ನೆ ಇರಲಿಲ್ಲ. ಬುಡನ್‌ಸಾಬ್ ಅದನ್ನು ನೋಡಿದ. ಅವನ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ತನಕ ಹೋಯಿತು. ಅಲ್ಲೇ ನಿಂತಿತು. ಅವನು ಆ ಕೈಯನ್ನು ವಾಪಸ್ ತಂದು ಲುಂಗಿಗೆ ಒರೆಸಿ ಬೆನ್ನ ಹಿಂದೆ ಕಟ್ಟಿಕೊಂಡ.

"ಬಿಎಸ್ಸಿಗೆ ಆರು ಜನ ಅದಾರೆ," ಎನ್ನುತ್ತಿದ್ದಳು ರುಹೀನಾ. "ಅವ್ರು ಓದ್ಲಿ. ಚೆನ್ನಾಗಿ ಓದ್ಲಿ. ಅವ್ರನ್ನ ಯಾರೂ ಎಣಿಸಿಲ್ಲ. ನಮ್ಮನ್ನ ಯಾಕೆ ಎಣಿಸ್ತೀರಿ?"

"ಬುಡನ್! ಆಫ್ ಮಾಡಲೇ!" ಸತೀಶ್ ಕುಮಾರ್ ಶಾಮಿಯಾನದ ಆ ತುದಿಯಿಂದ ಓಡಿ ಬಂದ. ಅಂಗಡಿ ಅವನದು, ಆದರೆ ಆ ಪೆಟ್ಟಿಗೆಯನ್ನು ಅವನು ಯಾವತ್ತೂ ಮುಟ್ಟಿರಲಿಲ್ಲ. ಒಂದು ಸ್ವಿಚ್ ಒತ್ತಿದ. ವೇದಿಕೆಯ ಫ್ಯಾನುಗಳು ನಿಂತವು. ಇನ್ನೊಂದು ತಿರುಗಿಸಿದ. ರುಹೀನಾಳ ದನಿ ಎರಡು ಪಟ್ಟಾಯಿತು, ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.

"ಈ ಸಾಹೇಬ್ರು ಹಿಸ್ಟರಿ ಎಂಎ ಅಂತೆ. ಅವ್ರ ಕ್ಲಾಸಿನಾಗೆ ಎಷ್ಟು ಜನ ಇದ್ರು ಅಂತ ಯಾರಾದ್ರೂ ಕೇಳಿದ್ರಾ?"

ಸತೀಶ್ ಕುಮಾರ್ ಕೊನೆಗೆ ವೈರನ್ನೇ ಕಿತ್ತ. ಅಷ್ಟರಲ್ಲಿ ಅವಳು ಹೇಳುವುದೆಲ್ಲ ಹೇಳಿ ಆಗಿತ್ತು. ಶಾಲು ತೆಗೆದು ಮಡಿಸಿ ಅಧ್ಯಕ್ಷರ ಮುಂದಿನ ಟೇಬಲ್ಲಿನ ಮೇಲಿಟ್ಟು ಇಳಿದಳು. ಮುಖ್ಯ ಅತಿಥಿಗಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಫ್ಯಾನು ತಿರುಗಿಸುವವರು ಯಾರೂ ಇರಲಿಲ್ಲ.

"ನಾಳೆಯಿಂದ ಬರಬ್ಯಾಡ," ಎಂದ ಸತೀಶ್ ಕುಮಾರ್. "ಇದೆಲ್ಲ ಬಿಚ್ಚಿ, ಗಾಡಿಗೆ ತುಂಬಿ ಹೋಗು."

ಬುಡನ್‌ಸಾಬ್ ಶಾಮಿಯಾನದ ನೆತ್ತಿಯನ್ನು ಒಮ್ಮೆ ನೋಡಿದ. ನೂರಾರು ಗಂಟು. ಎಲ್ಲ ಅವನವೇ.

"ನಾಳೆಯಿಂದ ಬ್ಯಾಡ ಅಂದ್ರೆ ಇವತ್ತೂ ಬ್ಯಾಡ ಸಾಹುಕಾರ್ರೆ," ಎಂದ. "ನೀವೇ ಬಿಚ್ಕಳ್ರಿ."

ಆ ಶಾಮಿಯಾನ ಮೂರು ದಿನ ಅಲ್ಲೇ ನಿಂತಿತ್ತು. ಗಂಟು ಬಿಚ್ಚಲು ಯಾರಿಗೂ ಬರಲಿಲ್ಲ. ಕೊನೆಗೆ ಹಗ್ಗ ಕೊಯ್ದು ಇಳಿಸಿದರು.

ಮನೆಯಲ್ಲಿ ಮೆಹರಾಜ್ ಬೇಗಂ ಮಗಳನ್ನು ಮುದ್ದು ಮಾಡಲಿಲ್ಲ. ಬೈದಳು. "ಅವ್ರು ಅನ್ನ ಹಾಕ್ತಿದ್ರು. ನಿನ್ನ ಹಿಸ್ಟರಿ ಹಾಕ್ತೈತಾ?" ಎಂದು ಕೂಗಿದಳು. ಪಾತ್ರೆ ಎತ್ತಿ ಕುಕ್ಕಿದಳು. ಗಂಡನಿಗೂ ಬಿಡಲಿಲ್ಲ. "ನಿಮ್ಗೆ ಈ ವಯಸ್ಸಿನಾಗೆ ಕೈ ಕಟ್ಕಣಾಕೆ ಯಾರು ಹೇಳಿದ್ರು?" ಬುಡನ್‌ಸಾಬ್, "ಯಾರೂ ಹೇಳ್ಲಿಲ್ಲ," ಎಂದ. ಅವಳು ಸ್ವಲ್ಪ ಹೊತ್ತು ಬಿಟ್ಟು ರುಹೀನಾಳ ಮುಂದೆ ತಟ್ಟೆ ಇಟ್ಟಳು. "ತಿನ್ನು. ಇಷ್ಟು ಮಾಡೀಯ, ಇನ್ನು ಸರಿಯಾಗಿ ಓದು. ಅರ್ಧಕ್ಕೆ ಬಿಟ್ರೆ ಕಾಲು ಮುರೀತೀನಿ."

ಸಭೆಯಲ್ಲಿದ್ದ ಯಾರೋ ವಿಡಿಯೊ ಮಾಡಿದ್ದರು. ಅದು ಸಂಜೆಯೊಳಗೆ ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಸುತ್ತಿತು. ಅದಕ್ಕೆ ಬಸ್ಸು ಬೇಕಾಗಲಿಲ್ಲ. ಅದರಲ್ಲಿ ಅಧಿಕಾರಿಯ ಭಾಷಣವೂ ಇತ್ತು. ಜನ ಅದನ್ನೇ ಹೆಚ್ಚು ನೋಡಿದರು. ಬುಧವಾರ ಅಧಿಕಾರಿ ಅಧ್ಯಕ್ಷರಿಗೆ ಫೋನ್ ಮಾಡಿ, ಸರ್ಕಾರದ ಸಂಬಳ ತೆಗೆದುಕೊಳ್ಳುವ ಕಾಲೇಜಿನಲ್ಲಿ ಅರ್ಜಿ ತಿರಸ್ಕರಿಸಲು ಲಿಖಿತ ಕಾರಣ ಏನೆಂದು ಕೇಳಿದರಂತೆ. ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಹಾಳೆ ಅಂಟಿತು. ಇತಿಹಾಸ ವಿಭಾಗ, ಹದಿನೇಳು ವಿದ್ಯಾರ್ಥಿಗಳು. ಅದರಡಿ ಒಂದು ಸಾಲು: 'ಸಂಖ್ಯೆ ಹದಿನೈದಕ್ಕಿಂತ ಕಡಿಮೆಯಾದಲ್ಲಿ ವಿಭಾಗವನ್ನು ಮುಚ್ಚಲಾಗುವುದು.'

ಕೊಟ್ಟ ಕೋಣೆ ಮುರಿದ ಬೆಂಚುಗಳ ಗೋಡೌನು. ಹದಿನೇಳು ಜನ ಸೇರಿ ಇಲಿ ಓಡಿಸಿ, ನೆಲ ತೊಳೆದು, ಕಾಲು ಮುರಿದ ಬೆಂಚಿಗೆ ಇಟ್ಟಿಗೆ ಕೊಟ್ಟರು. ಹಾಸ್ಟೆಲ್ ಸಿಗುವವರೆಗೆ ಪುಷ್ಪಾ ಹನುಮಂತಮ್ಮನ ಮನೆಯಲ್ಲಿದ್ದಳು. ಬುಡನ್‌ಸಾಬ್ ಅಡಿಕೆ ಮಂಡಿಯಲ್ಲಿ ಹಮಾಲಿಗೆ ಸೇರಿದ. ಪೈಪಿನ ಜಾಗದಲ್ಲಿ ಈಗ ಮೂಟೆ. ಹೆಗಲು ಅದೇ.

ಪಾಠಕ್ಕೆ ಬಂದವರು ಅತಿಥಿ ಉಪನ್ಯಾಸಕ ಕೊಟ್ರೇಶ್. ಎಂಎ, ಪಿಎಚ್‌ಡಿ. ಒಂಬತ್ತು ವರ್ಷದಿಂದ ಅತಿಥಿ. ಅಷ್ಟು ವರ್ಷ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಾಕಿರಲಿಕ್ಕಿಲ್ಲ, ಈ ಮನೆಯವರೂ ಸಾಕಿರಲಿಲ್ಲ. ರಜೆಯಲ್ಲಿ ಅವರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಆದರೆ ಬೋರ್ಡಿನ ಮುಂದೆ ನಿಂತರೆ ಬೇರೆಯೇ ಮನುಷ್ಯ. ಮೊದಲ ದಿನವೇ, "ನಿಮ್ಮ ಮನಿಯಾಗೆ ಇರೋ ಅತೀ ಹಳೇ ಸಾಮಾನು ಯಾವುದು? ಅದನ್ನ ಮಾಡಿದೋರು ಯಾರು? ಬರಕೊಂಡು ಬರ್ರಿ," ಎಂದರು.

ಅರುಣ್ ಕುಮಾರ್ ದಿನಾ ಹನ್ನೊಂದು ಗಂಟೆಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಪಾಠ ನಡೀಲಿ, ಪಾಠ ನಡೀಲಿ," ಎನ್ನುತ್ತಾ ಬೆರಳು ಆಡಿಸಿ ತಲೆ ಎಣಿಸುತ್ತಿದ್ದರು. ಹದಿನೇಳು ಇದ್ದರೆ ಮುಖ ಸಣ್ಣದಾಗುತ್ತಿತ್ತು. ಹದಿನಾರು ಇದ್ದರೆ ಕಣ್ಣು ಹೊಳೆಯುತ್ತಿತ್ತು. ದುರುಗೇಶ್ ಜ್ವರದಲ್ಲಿ ಕಂಬಳಿ ಹೊದ್ದು ಬಂದು ಕೂತ. ಹೊನ್ನಾಳಿಯ ಹುಡುಗಿಯೊಬ್ಬಳು ನೋಡಲು ಬಂದ ಗಂಡಿನವರನ್ನು ಮಧ್ಯಾಹ್ನಕ್ಕೆ ಬರಲು ಹೇಳಿ ಬೆಳಗ್ಗೆ ಕ್ಲಾಸಿಗೆ ಬಂದಳು. ಹೀಗೆ ಆಷಾಢ ಕಳೆಯಿತು.

ಶ್ರಾವಣದ ಒಂದು ಗುರುವಾರ ಬುಡನ್‌ಸಾಬ್ ಕಾಲೇಜಿಗೆ ಬಂದ. ವಿದ್ಯಾರ್ಥಿವೇತನದ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಮಂಡಿಯಿಂದ ಹಾಗೇ ಬಂದಿದ್ದ, ತಲೆಯ ಟವೆಲ್ಲಿಗೆ ಗೋಣಿಯ ಎಳೆ ಅಂಟಿತ್ತು. ಕೊಟ್ರೇಶ್ ಪಾಠದ ನಡುವೆ ಇದ್ದರು. "ಬರ್ರಿ ಒಳಗೆ. ಹತ್ತು ನಿಮಿಷ ಕೂಡ್ರಿ," ಎಂದು ಕೊನೆಯ ಬೆಂಚು ತೋರಿಸಿದರು.

ಆವತ್ತಿನ ಪಾಠ ಕೆರೆಗಳದು. ಹಿಂದಿನ ಕಾಲದಲ್ಲಿ ಕೆರೆ ಕಟ್ಟೆಗೆ ಮಣ್ಣು ಹೊರಲು ಊರೂರಿನಿಂದ ಜನರನ್ನು ಹೇಗೆ ಎಳೆದು ತರುತ್ತಿದ್ದರು, ಒಂದು ದಿನಕ್ಕೆ ಎಷ್ಟು ಬುಟ್ಟಿ ಹೊರಬೇಕಿತ್ತು, ತಪ್ಪಿಸಿಕೊಂಡು ಓಡಿದವರನ್ನು ಏನು ಮಾಡುತ್ತಿದ್ದರು ಎಂದು ಕೊಟ್ರೇಶ್ ಹೇಳುತ್ತಿದ್ದರು. ಬುಡನ್‌ಸಾಬ್ ಮೊದಲು ಬೆಂಚಿನ ತುದಿಯಲ್ಲಿ ಕೂತಿದ್ದ. ಆಮೇಲೆ ಒಳಕ್ಕೆ ಸರಿದ. ಆಮೇಲೆ ಮೊಣಕೈ ಡೆಸ್ಕಿನ ಮೇಲಿಟ್ಟು ಮುಂದಕ್ಕೆ ಬಾಗಿದ.

ಹನ್ನೊಂದಕ್ಕೆ ಅರುಣ್ ಕುಮಾರ್ ಬಂದರು. ಎಣಿಸಿದರು. ಹದಿನೆಂಟು. ಹುಬ್ಬು ಗಂಟಿಕ್ಕಿ ಮತ್ತೆ ಎಣಿಸಿದರು. ಹದಿನೆಂಟು. ಆಗ ಕೊನೆಯ ಬೆಂಚಿನ ನರೆತ ಗಡ್ಡ ಕಾಣಿಸಿತು.

"ಏ, ನೀನ್ಯಾಕಯ್ಯ ಕೂತೀಯ? ಹೊರಗಿನೋರು ಇಲ್ಲಿ ಕೂರೋ ಹಂಗಿಲ್ಲ. ಏಳು ಏಳು."

ರುಹೀನಾ ಎದ್ದು ನಿಂತಳು. ಪುಷ್ಪಾ ಎದ್ದು ನಿಂತಳು. ಕೊಟ್ರೇಶ್ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು.

ಬುಡನ್‌ಸಾಬ್ ಏಳಲಿಲ್ಲ. ಪ್ರಿನ್ಸಿಪಾಲರ ಕಡೆ ಪೂರ್ತಿ ತಿರುಗಲೂ ಇಲ್ಲ.

"ಓಡಿಹೋದೋರ ಕತೆ ಅರ್ಧಕ್ಕೆ ನಿಂತೈತೆ ಸಾಹೇಬ್ರೆ," ಎಂದ. "ಅದು ಮುಗೀಲಿ, ಏಳ್ತೀನಿ."